ಎರಡು ಲೆಕ್ಕಗಳ ನಡುವೆ ಕಾಡ್ ಮೀನು: ಉತ್ತರ ಅಟ್ಲಾಂಟಿಕ್‌ನ ಒಂದು ಪ್ರಕರಣ ಅಧ್ಯಯನ

1992ರ ಜುಲೈ 2ರಂದು ಕೆನಡಾ ಸರ್ಕಾರ ದೇಶದ ಪೂರ್ವ ತುದಿಯ ಪ್ರಾಂತ್ಯವಾದ ನ್ಯೂಫೌಂಡ್‌ಲ್ಯಾಂಡ್ ಮತ್ತು ಲ್ಯಾಬ್ರಡಾರ್ ಕಡಲಿನಲ್ಲಿ ಕಾಡ್ ಮೀನು ಹಿಡಿಯುವುದನ್ನು ನಿಲ್ಲಿಸಿತು. ಸುಮಾರು ಐನೂರು ವರ್ಷಗಳಿಂದ ನಡೆದುಬಂದ ಕಸುಬು ಅದು. ಎರಡು ವರ್ಷ ಮುಚ್ಚಿದರೆ ಸಾಕು, ಮೀನು ಮತ್ತೆ ಬರುತ್ತದೆ ಎಂದರು. ನಿಷೇಧ ತೆಗೆಯಲು 32 ವರ್ಷ ಹಿಡಿಯಿತು.

ಇದನ್ನು ದುರಾಸೆಯ ಕಥೆ ಎಂದು ಹೇಳುವವರೇ ಜಾಸ್ತಿ. ದುರಾಸೆ ಖಂಡಿತ ಇತ್ತು. ಆದರೆ ನನ್ನನ್ನು ಕಾಡುವ ಪ್ರಶ್ನೆ ಬೇರೆ. ಆ ಕಾಲಕ್ಕೆ ಇಷ್ಟು ಅಚ್ಚುಕಟ್ಟಾಗಿ ಅಳೆದ ಮೀನು ಜಗತ್ತಿನಲ್ಲಿ ಹೆಚ್ಚಿರಲಿಲ್ಲ. ಸಮೀಕ್ಷೆಯ ಹಡಗುಗಳಿದ್ದವು. ಪ್ರತಿ ವರ್ಷ ಕೋಟಾ, ಅಂದರೆ ಇಷ್ಟೇ ಹಿಡಿಯಬೇಕು ಎಂಬ ಮಿತಿ, ಇತ್ತು. ಎಚ್ಚರಿಕೆಯ ಗುರಿಯೂ ಇತ್ತು. ಇಷ್ಟೆಲ್ಲ ಇದ್ದೂ ಮೀನು ಹೇಗೆ ಖಾಲಿಯಾಯಿತು?

ಇಲ್ಲಿ ಯಾವ ವ್ಯಕ್ತಿಯ ಹೆಸರನ್ನೂ ಹಾಕಿಲ್ಲ. ಸಚಿವರು, ವಿಜ್ಞಾನಿಗಳು, ಮೀನುಗಾರರು ಎಂದಷ್ಟೇ ಬರೆದಿದ್ದೇನೆ. ತಪ್ಪು ಎಲ್ಲಿ ಆಯಿತು, ಯಾವ ಹೊತ್ತಿನಲ್ಲಿ ಬೇರೆ ದಾರಿ ಹಿಡಿಯಬಹುದಿತ್ತು ಎನ್ನುವುದೇ ನಮಗೆ ಬೇಕಾದದ್ದು.

ಹಿನ್ನೆಲೆ

ಕಾಡ್ ತಣ್ಣೀರಿನ ಮೀನು, ಕಡಲತಳಕ್ಕೆ ಹತ್ತಿರ ಬದುಕುತ್ತದೆ. ಗದ್ದದ ಕೆಳಗೆ ಒಂದು ಪುಟ್ಟ ಮೀಸೆ. ಮಾಂಸ ಬಿಳಿ, ಕೊಬ್ಬು ಕಡಿಮೆ. ಹಾಗಾಗಿ ಉಪ್ಪು ಹಚ್ಚಿ ಒಣಗಿಸಿದರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಯುರೋಪಿನ ಹಡಗುಗಳು 16ನೇ ಶತಮಾನದಿಂದ ಅಷ್ಟು ದೂರ ಬಂದದ್ದು ಈ ಒಣಮೀನಿಗಾಗಿ. ನ್ಯೂಫೌಂಡ್‌ಲ್ಯಾಂಡಿನ ನೂರಾರು ಪುಟ್ಟ ಹಳ್ಳಿಗಳು ಹುಟ್ಟಿದ್ದೂ ಇದರಿಂದಲೇ.

ಲ್ಯಾಬ್ರಡಾರಿನಿಂದ ದಕ್ಷಿಣಕ್ಕೆ ಗ್ರ್ಯಾಂಡ್ ಬ್ಯಾಂಕ್ ಎಂಬ ಆಳ ಕಡಿಮೆಯ ಕಡಲ ಪ್ರದೇಶದ ಉತ್ತರ ಭಾಗದವರೆಗೆ ಇರುವ ಕಾಡ್ ಅನ್ನು ಒಂದೇ ಗುಂಪು ಎಂದು ಲೆಕ್ಕ ಹಿಡಿಯುತ್ತಾರೆ. ಮೀನುಗಾರಿಕೆ ನಕ್ಷೆಯಲ್ಲಿ ಅದರ ಹೆಸರು 2ಜೆ, 3ಕೆ, 3ಎಲ್. ರೂಢಿಯಲ್ಲಿ 'ಉತ್ತರದ ಕಾಡ್' ಎನ್ನುತ್ತಾರೆ.

ಈ ಮೀನಿನ ವರ್ಷದ ಓಡಾಟ ತಿಳಿಯದಿದ್ದರೆ ಮುಂದಿನದ್ದು ಅರ್ಥವಾಗುವುದಿಲ್ಲ. ಚಳಿಗಾಲದಲ್ಲಿ ಕಾಡ್ ದಡದಿಂದ ದೂರ, ಆಳದಲ್ಲಿ ದಟ್ಟ ಗುಂಪುಗಳಾಗಿ ಸೇರುತ್ತದೆ. ಮೇಲಿನ ನೀರು ಹೆಪ್ಪುಗಟ್ಟುವಷ್ಟು ತಣ್ಣಗಿರುವಾಗ ಆಳದಲ್ಲಿ ಸ್ವಲ್ಪ ಬೆಚ್ಚಗಿರುತ್ತದೆ. ವಸಂತದ ಹೊತ್ತಿಗೆ ಮೊಟ್ಟೆಯಿಟ್ಟು ದಡದ ಕಡೆ ಹೊರಡುತ್ತದೆ. ಜೂನ್, ಜುಲೈನಲ್ಲಿ ಕ್ಯಾಪೆಲಿನ್ ಎಂಬ ಪುಟ್ಟ ಬೆಳ್ಳಿ ಬಣ್ಣದ ಮೀನು ಮೊಟ್ಟೆಯಿಡಲು ದಡಕ್ಕೇ ಬಂದು ಬೀಳುತ್ತದೆ. ಅದರ ಬೆನ್ನು ಹತ್ತಿ ಕಾಡ್ ಬರುತ್ತದೆ.

ಹೀಗೆ ಒಂದೇ ಮೀನಿಗೆ ಎರಡು ಬಗೆಯ ಮೀನುಗಾರಿಕೆ. ಬೇಸಿಗೆಯಲ್ಲಿ ದಡದವರು ಸಣ್ಣ ದೋಣಿಯಲ್ಲಿ ಹೋಗಿ, ಪೆಟ್ಟಿಗೆಯ ಆಕಾರದ ಬಲೆಯನ್ನು ಒಂದು ಕಡೆ ಕಟ್ಟಿ ಕಾಯುತ್ತಿದ್ದರು. ಬಲೆ ಅಲ್ಲೇ ಇರುತ್ತದೆ, ಮೀನೇ ಅದರ ಹತ್ತಿರ ಬರಬೇಕು. ಚಳಿಗಾಲದಲ್ಲಿ ಟ್ರಾಲರ್ ಎಂಬ ದೊಡ್ಡ ಹಡಗುಗಳು ಮೀನಿನ ಗುಂಪು ಎಲ್ಲಿದೆಯೋ ಅಲ್ಲಿಗೇ ಹೋಗಿ ಬಲೆ ಎಳೆಯುತ್ತಿದ್ದವು.

ಟ್ರಾಲರ್‌ಗಳು ಮೊದಲು ಬಂದದ್ದು ಹೊರದೇಶಗಳಿಂದ. 1950ರ ದಶಕದಿಂದ ಹಡಗಿನ ಮೇಲೇ ಮೀನು ಕತ್ತರಿಸಿ ಹೆಪ್ಪುಗಟ್ಟಿಸಿಡುವ ಕಾರ್ಖಾನೆ ಹಡಗುಗಳು ಇಲ್ಲಿ ಸೇರಿದವು. 1968ರಲ್ಲಿ ಹಿಡಿದ ಉತ್ತರದ ಕಾಡ್ ಸುಮಾರು 8,10,000 ಟನ್. ಹತ್ತು ವರ್ಷದಲ್ಲಿ ಅದು 1,40,000 ಟನ್ ಆಸುಪಾಸಿಗೆ ಇಳಿಯಿತು. 1977ರಲ್ಲಿ ಕೆನಡಾ ತನ್ನ ಮೀನುಗಾರಿಕೆಯ ಗಡಿಯನ್ನು 200 ನಾಟಿಕಲ್ ಮೈಲಿಗೆ ವಿಸ್ತರಿಸಿತು. ಹೊರಗಿನ ಹಡಗುಗಳಲ್ಲಿ ಹೆಚ್ಚಿನವು ಹೋದವು. ಇನ್ನು ನಮ್ಮ ಮೀನು ನಮ್ಮ ಕೈಯಲ್ಲಿ ಎಂಬ ಖುಷಿ ಊರೂರಿನಲ್ಲಿ ಹರಡಿತು.

ಸರ್ಕಾರ ಇಟ್ಟುಕೊಂಡ ಗುರಿಯೂ ಒಳ್ಳೆಯದೇ ಆಗಿತ್ತು. ಹಿಡಿಯುವಷ್ಟು ಬೆಳೆದ ಮೀನಿನಲ್ಲಿ ವರ್ಷಕ್ಕೆ ಐದರಲ್ಲಿ ಒಂದಕ್ಕಿಂತ ಸ್ವಲ್ಪ ಕಡಿಮೆ ಹಿಡಿಯಬೇಕು. ಹೀಗೆ ಮಾಡಿದರೆ ಕಡಲಲ್ಲಿನ ಮೀನು ಹೆಚ್ಚುತ್ತದೆ ಎಂದು ಲೆಕ್ಕ. 1982ರ ಸರ್ಕಾರಿ ವರದಿಯೊಂದು 1987ರ ಹೊತ್ತಿಗೆ ಕೋಟಾ 4,00,000 ಟನ್‌ಗೆ ಏರಬಹುದು ಎಂದಿತು. ಅದನ್ನು ನಂಬಿ ಕಂಪನಿಗಳು ಹಡಗು ಕೊಂಡವು, ಕಾರ್ಖಾನೆಗಳು ದೊಡ್ಡದಾದವು, ಬ್ಯಾಂಕುಗಳು ಸಾಲ ಕೊಟ್ಟವು. ಮುಂದೆ ಕೋಟಾ ಇಳಿಸಿ ಎಂದು ಯಾರು ಹೇಳಿದರೂ ಈ ಸಾಲಗಳ ಎದುರು ನಿಂತು ಹೇಳಬೇಕಾಯಿತು.

ಎಣಿಸುವುದರಲ್ಲೇ ತೊಡಕು

ಕಡಲಲ್ಲಿ ಮೀನು ಎಣಿಸುವುದು ಹೇಗೆ? ವಿಜ್ಞಾನಿಗಳು ಮೊದಲು ಸತ್ತ ಮೀನನ್ನು ಎಣಿಸುತ್ತಾರೆ. ಹಿಡಿದ ಕಾಡ್‌ನ ಕಿವಿಯೊಳಗಿನ ಪುಟ್ಟ ಕಲ್ಲನ್ನು ಕತ್ತರಿಸಿದರೆ, ಮರದ ಕಾಂಡದಲ್ಲಿರುವಂತೆ ವರ್ಷದ ಉಂಗುರಗಳು ಕಾಣುತ್ತವೆ. ಅದರಿಂದ ವಯಸ್ಸು ತಿಳಿಯುತ್ತದೆ. ಒಂದು ವರ್ಷ ಹುಟ್ಟಿದ ಮೀನುಗಳಲ್ಲಿ ಮುಂದಿನ ಹತ್ತು ಹನ್ನೆರಡು ವರ್ಷ ಎಷ್ಟೆಷ್ಟು ಬಲೆಗೆ ಬಿದ್ದವು ಎಂದು ಕೂಡಿಸುತ್ತಾ ಹೋದರೆ, ಆ ವರ್ಷ ಎಷ್ಟು ಮರಿ ಇದ್ದಿರಬೇಕು ಎಂದು ಹಿಂದಕ್ಕೆ ಲೆಕ್ಕ ಹಾಕಬಹುದು.

ಇದರಲ್ಲಿ ಒಂದು ಕೊರತೆ ಇದೆ. ಮದುವೆ ಮನೆಯಲ್ಲಿ ಎಷ್ಟು ಜನ ಉಂಡರು ಎಂಬುದನ್ನು ಎತ್ತಿದ ಎಲೆ ಎಣಿಸಿ ಹೇಳಬಹುದು. ಇನ್ನೂ ಎಷ್ಟು ಜನ ಹೊರಗೆ ಕಾಯುತ್ತಿದ್ದಾರೆ ಎಂದು ಆ ಎಲೆಗಳು ಹೇಳುವುದಿಲ್ಲ. ಹತ್ತು ವರ್ಷದ ಹಿಂದೆ ಎಷ್ಟು ಮೀನಿತ್ತು ಎಂಬ ಉತ್ತರ ಗಟ್ಟಿ. ಈಗ ಎಷ್ಟಿದೆ ಎಂಬ ಉತ್ತರ ಬಡಕಲು. ಆದರೆ ಕೋಟಾ ನಿಗದಿಗೆ ಬೇಕಾದದ್ದು ಈಗಿನ ಉತ್ತರವೇ ಅಲ್ವಾ?

ಅದಕ್ಕೆ ಇನ್ನೊಂದು ಅಳತೆ ಬೇಕು. ಇಲ್ಲಿ ಎರಡು ಅಳತೆ ಇದ್ದವು. ಮೊದಲನೆಯದು ಸರ್ಕಾರದ ಸಂಶೋಧನಾ ಹಡಗಿನದು. ಅದು ಪ್ರತಿ ಶರತ್ಕಾಲದಲ್ಲಿ, ಚೀಟಿ ಎತ್ತಿದ ಹಾಗೆ ಆಯ್ದ ಜಾಗಗಳಲ್ಲಿ ಒಂದೇ ರೀತಿಯ ಬಲೆಯನ್ನು ಒಂದೇ ಅವಧಿ ಎಳೆಯುತ್ತದೆ. ಮೀನಿರುವ ಜಾಗ, ಇಲ್ಲದ ಜಾಗ ಎರಡಕ್ಕೂ ಹೋಗುತ್ತದೆ. ಇದರ ಅಂಕಿಗಳು ವರ್ಷದಿಂದ ವರ್ಷಕ್ಕೆ ತುಂಬಾ ಏರಿಳಿಯುತ್ತಿದ್ದವು. ಎರಡನೆಯದು ಕಂಪನಿ ಟ್ರಾಲರ್‌ಗಳದು. ಒಂದು ಗಂಟೆ ಎಳೆದರೆ ಎಷ್ಟು ಮೀನು ಸಿಕ್ಕಿತು ಎಂಬ ದಾಖಲೆ. ಸಾವಿರಾರು ಎಳೆತಗಳ ಲೆಕ್ಕವಾದ್ದರಿಂದ ಇದು ನಯವಾಗಿ, ಸಮನಾಗಿ ಕಾಣುತ್ತಿತ್ತು.

1980ರ ದಶಕದಲ್ಲಿ ಈ ಎರಡೂ ಬೇರೆ ಬೇರೆ ಕಥೆ ಹೇಳತೊಡಗಿದವು. ಟ್ರಾಲರ್‌ಗಳ ಲೆಕ್ಕದಲ್ಲಿ ಮೀನು ಚೆನ್ನಾಗಿ ಏರುತ್ತಿತ್ತು. ಸಂಶೋಧನಾ ಹಡಗಿನ ಲೆಕ್ಕದಲ್ಲಿ ಅಷ್ಟು ಏರಿಕೆ ಇರಲಿಲ್ಲ. ವಿಜ್ಞಾನಿಗಳು ಎರಡಕ್ಕೂ ಬೆಲೆ ಕೊಟ್ಟು, ನಡುವಿನ ಒಂದು ಅಂಕಿಗೆ ಬಂದು ನಿಂತರು.

ನನ್ನ ಓದಿನ ಪ್ರಕಾರ ಈ ಪ್ರಕರಣದ ಬೇರು ಇಲ್ಲೇ ಇದೆ. ಅವರು ಸೋಮಾರಿಗಳಾಗಿರಲಿಲ್ಲ, ಯಾರಿಗೂ ಮಾರಿಕೊಂಡವರೂ ಆಗಿರಲಿಲ್ಲ. ಕೈಯಲ್ಲಿ ಎರಡು ಅಳತೆ ಇದ್ದಾಗ ನಡುವಿನದ್ದನ್ನು ಹಿಡಿಯುವುದು ನ್ಯಾಯ ಎಂದು ಯಾರಿಗಾದರೂ ಅನಿಸುತ್ತದೆ. ಆದರೆ ಎರಡರಲ್ಲಿ ಒಂದು ಅಳತೆಗೋಲೇ ಹಿಗ್ಗುತ್ತಿದ್ದರೆ, ನಡುವಿನ ಅಂಕಿಯೂ ಅದರ ಜೊತೆ ಹಿಗ್ಗುತ್ತದೆ. ಎರಡು ಅಳತೆ ಯಾಕೆ ಹೊಂದುತ್ತಿಲ್ಲ ಎಂಬುದೇ ಆಗ ಕೇಳಬೇಕಾದ ಪ್ರಶ್ನೆಯಾಗಿತ್ತು.

ಟ್ರಾಲರ್‌ಗಳ ಅಳತೆ ಹಿಗ್ಗುತ್ತಿದ್ದುದು ನಿಜ. ಹಡಗಿನ ನಾಯಕರು ವರ್ಷದಿಂದ ವರ್ಷಕ್ಕೆ ಕಡಲನ್ನು ಕಲಿಯುತ್ತಿದ್ದರು. ಮೀನು ಹುಡುಕುವ ಯಂತ್ರಗಳು ಉತ್ತಮವಾಗುತ್ತಿದ್ದವು. ಇದಕ್ಕಿಂತ ದೊಡ್ಡ ಕಾರಣ ಮೀನಿನ ಸ್ವಭಾವ. ಕಾಡ್‌ನ ಸಂಖ್ಯೆ ಇಳಿದಾಗ ಉಳಿದ ಮೀನು ತೆಳ್ಳಗೆ ಚದುರಲಿಲ್ಲ. ಕೆಲವೇ ಜಾಗಗಳಲ್ಲಿ ಒತ್ತೊತ್ತಾಗಿ ಸೇರಿತು. ಗುಂಪುಗಳು ಕಡಿಮೆಯಾದವು, ಆದರೆ ಸಿಕ್ಕ ಗುಂಪಿನ ಒಳಗೆ ದಟ್ಟಣೆ ಹಾಗೇ ಇತ್ತು. ಅದರೊಳಗೆ ಬಲೆ ಎಳೆದವನಿಗೆ ಕೊನೆಯ ವರ್ಷಗಳವರೆಗೂ ಬಲೆ ತುಂಬಿಯೇ ಬಂತು.

ನಮ್ಮ ಮಲ್ಪೆ, ಗಂಗೊಳ್ಳಿ ಕಡೆಯವರಿಗೆ ಇದು ಬೇಗ ಅರ್ಥವಾಗುತ್ತದೆ. ಬೂತಾಯಿ ಗುಂಪಾಗಿ ತಿರುಗುವ ಮೀನು. ಗುಂಪು ಸಿಕ್ಕ ದಿನ ಬೋಟು ತುಂಬುತ್ತದೆ. ಒಂದು ಬೋಟು ತುಂಬಿದ್ದನ್ನು ನೋಡಿ ಕಡಲಲ್ಲಿ ಇನ್ನೂ ಎಷ್ಟು ಗುಂಪು ಉಳಿದಿವೆ ಎಂದು ಹೇಳಲು ಬರುವುದಿಲ್ಲ.

ದಡದವರ ಮಾತು

ಮೂರನೆಯ ಅಳತೆಯೊಂದು ಇತ್ತು. ಅದು ದಡದ ಮೀನುಗಾರರ ಬಲೆ. ಅದು ಮೀನನ್ನು ಹುಡುಕಿಕೊಂಡು ಹೋಗುವುದಿಲ್ಲ, ಇದ್ದಲ್ಲೇ ಇರುತ್ತದೆ. 1982ರ ನಂತರದ ಕೆಲವು ವರ್ಷಗಳಲ್ಲಿ ಅವರಿಗೆ ಸಿಗುವ ಮೀನು ಇಳಿಯಿತು. ಸಿಕ್ಕ ಮೀನೂ ಚಿಕ್ಕದಾಯಿತು. ಮೊದಲಿನಷ್ಟೇ ಮೀನಿಗೆ ಜಾಸ್ತಿ ಬಲೆ, ಜಾಸ್ತಿ ದೂರ ಬೇಕಾಯಿತು. ಅವರು ಮೀನುಗಾರಿಕೆ ಇಲಾಖೆಗೆ ಹೇಳಿದರು, ಸಭೆಗಳಲ್ಲಿ ಹೇಳಿದರು. ಚಳಿಗಾಲದಲ್ಲಿ ಮೊಟ್ಟೆಯಿಡಲು ಸೇರಿದ ಮೀನನ್ನೇ ಟ್ರಾಲರ್‌ಗಳು ಎಳೆಯುತ್ತಿವೆ, ಅದಕ್ಕೇ ಬೇಸಿಗೆಯಲ್ಲಿ ದಡಕ್ಕೆ ಬರಲು ಮೀನಿಲ್ಲ ಎಂದರು.

ಇಲಾಖೆಯ ಉತ್ತರ ಬೇರೆ ಇತ್ತು. ಮೀನಿದೆ, ನೀರು ತಣ್ಣಗಿರುವುದರಿಂದ ದಡಕ್ಕೆ ಬರುತ್ತಿಲ್ಲ ಎಂದು. ಈ ಉತ್ತರವನ್ನು ಸುಮ್ನೆ ಹೇಳಿದ್ದಲ್ಲ. ತಣ್ಣೀರಿನ ಪದರ ಕಾಡ್‌ನ ದಾರಿಯನ್ನು ನಿಜವಾಗಿಯೂ ಬದಲಿಸುತ್ತದೆ. ಇನ್ನೊಂದು ತೊಡಕೂ ಇತ್ತು. ದಡದ ಸಾವಿರಾರು ಬಲೆಗಳನ್ನು ಎಷ್ಟು ದಿನ ಇಟ್ಟರು, ಎಷ್ಟು ಹೊತ್ತು ಇಟ್ಟರು ಎಂಬ ದಾಖಲೆ ಯಾರ ಬಳಿಯೂ ಸರಿಯಾಗಿ ಇರಲಿಲ್ಲ. ಲೆಕ್ಕದ ಸೂತ್ರಕ್ಕೆ ಹಾಕಲು ಬರುವ ರೂಪದಲ್ಲಿ ಅವರ ತಿಳಿವಳಿಕೆ ಇರಲಿಲ್ಲ. ಹಾಗಾಗಿ ಅದು ಲೆಕ್ಕದ ಹೊರಗೇ ಉಳಿಯಿತು.

1986ರಲ್ಲಿ ದಡದ ಮೀನುಗಾರರ ಸಂಘ ತಾನೇ ಮುಂದಾಯಿತು. ಅಲ್ಲಿನ ವಿಶ್ವವಿದ್ಯಾಲಯದ ಮೂವರು ಜೀವವಿಜ್ಞಾನಿಗಳಿಂದ ಇಲಾಖೆಯ ಲೆಕ್ಕವನ್ನು ಮರುಪರಿಶೀಲನೆ ಮಾಡಿಸಿತು. ಇಲಾಖೆ ಮೀನನ್ನು ಜಾಸ್ತಿ ಅಂದಾಜು ಮಾಡುತ್ತಾ ಬಂದಿದೆ ಎಂದು ಅವರು ಹೇಳಿದರು. ಮರುವರ್ಷ ಸರ್ಕಾರವೇ ನೇಮಿಸಿದ ಹೊರಗಿನ ತಜ್ಞರ ತಂಡವೂ ಅಂದಾಜು ಮೇಲಕ್ಕೆ ವಾಲಿದೆ ಎಂದಿತು. ಆದರೆ 1977ರಿಂದ ಮೀನು ಹೆಚ್ಚಿದೆ, ದಡದಲ್ಲಿ ಸಿಗದಿರುವುದಕ್ಕೆ ತಣ್ಣೀರು ಕಾರಣವಿರಬಹುದು ಎಂದೂ ಸೇರಿಸಿತು. ಸರ್ಕಾರ ಎರಡನೆಯ ಮಾತನ್ನು ಕೇಳಿಸಿಕೊಂಡಿತು.

ಅದೇ 1986ರ ಶರತ್ಕಾಲದಲ್ಲಿ ಸಂಶೋಧನಾ ಹಡಗಿನ ಬಲೆಗೆ ಭಾರಿ ಮೀನು ಬಿತ್ತು. ಸಮೀಕ್ಷೆಯ ಅಂಕಿ ಒಮ್ಮೆಲೇ ಜಿಗಿಯಿತು. ಕೆಲವು ಎಳೆತಗಳು ದಟ್ಟ ಗುಂಪಿನ ಮೇಲೆ ಬಿದ್ದರೂ ಹೀಗಾಗುತ್ತದೆ. ಆದರೆ ಆ ಹೊತ್ತಿಗೆ ಈ ಜಿಗಿತ ಟ್ರಾಲರ್‌ಗಳ ಲೆಕ್ಕಕ್ಕೆ ಒಪ್ಪುವಂತಿತ್ತು. ಎರಡು ಅಳತೆಗಳೂ ಕೊನೆಗೂ ಒಂದಾದವು ಎಂದು ಕಂಡಿತು. ಕೋಟಾ 2,66,000 ಟನ್ ಆಸುಪಾಸಿನಲ್ಲೇ ಮುಂದುವರಿಯಿತು.

1989: ಲೆಕ್ಕ ಸರಿಹೋದ ವರ್ಷ

1987 ಮತ್ತು 1988ರ ಸಮೀಕ್ಷೆಗಳು ಮತ್ತೆ ಕೆಳಗೆ ಬಂದವು. ಈಗ 1986ರ ಅಂಕಿ ಒಂಟಿಯಾಗಿ ನಿಂತಿತ್ತು. ವಿಜ್ಞಾನಿಗಳು ಇಡೀ ಲೆಕ್ಕವನ್ನು ಮತ್ತೆ ಮಾಡಿದರು. 1989ರ ಆರಂಭದಲ್ಲಿ ಬಂದ ಉತ್ತರ ಅವರನ್ನೇ ಬೆಚ್ಚಿಬೀಳಿಸುವಂತಿತ್ತು. ಮೀನು ತಾವು ಅಂದುಕೊಂಡದ್ದಕ್ಕಿಂತ ಬಹಳ ಕಡಿಮೆ. ಐದರಲ್ಲಿ ಒಂದನ್ನೂ ಹಿಡಿಯುತ್ತಿಲ್ಲ ಎಂದುಕೊಂಡ ವರ್ಷಗಳಲ್ಲಿ ಹಿಡಿದದ್ದು ಮೂರರಲ್ಲಿ ಒಂದರ ಹತ್ತಿರ. ಗುರಿಯ ಸುಮಾರು ಎರಡು ಪಟ್ಟು ಒತ್ತಡ ಮೀನಿನ ಮೇಲೆ ವರ್ಷಗಟ್ಟಲೆ ಬಿದ್ದಿತ್ತು.

ತಮ್ಮದೇ ಹತ್ತು ವರ್ಷದ ಕೆಲಸ ತಪ್ಪು ಎಂದು ಲಿಖಿತವಾಗಿ ಒಪ್ಪಿಕೊಳ್ಳುವುದು ಸಣ್ಣ ಮಾತಲ್ಲ. ಅವರು ಒಪ್ಪಿಕೊಂಡರು. ಮೊದಲಿನ ಗುರಿಯಂತೆ ಹೋಗಬೇಕಾದರೆ 1989ರ ಕೋಟಾ 1,25,000 ಟನ್ ಇರಬೇಕು ಎಂದರು. ಅಂದರೆ ಇದ್ದದ್ದರಲ್ಲಿ ಅರ್ಧಕ್ಕಿಂತ ಕಡಿಮೆ.

ಸಚಿವರು 2,35,000 ಟನ್ ನಿಗದಿ ಮಾಡಿದರು.

ಈ ತೀರ್ಮಾನವನ್ನು ಬೈಯುವುದು ಸುಲಭ. ಅವರ ಮೇಜಿನ ಮುಂದೆ ಇದ್ದದ್ದನ್ನೂ ನೋಡಬೇಕು. ಅರ್ಧ ಕೋಟಾ ಕಡಿದರೆ ಆ ಚಳಿಗಾಲದಲ್ಲೇ ಕಾರ್ಖಾನೆಗಳು ಮುಚ್ಚುತ್ತವೆ. ಬೇರೆ ಕೆಲಸವಿಲ್ಲದ ಊರುಗಳವು. ಹೋದ ವರ್ಷ ಒಂದು ಹೇಳಿ ಈ ವರ್ಷ ಇನ್ನೊಂದು ಹೇಳುವ ವಿಜ್ಞಾನಿಗಳನ್ನು ಎಷ್ಟು ನಂಬುವುದು ಎಂಬ ಅನುಮಾನವೂ ಸಹಜವೇ. ಆದರೆ ಆ ಅನುಮಾನ ಒಂದೇ ದಿಕ್ಕಿಗೆ ಕೆಲಸ ಮಾಡಿತು. ಲೆಕ್ಕ ಅನಿಶ್ಚಿತ ಎಂದಾಗ ಮೀನಿಗೆ ಅದರ ಲಾಭ ಸಿಗಲಿಲ್ಲ, ಹಡಗಿಗೆ ಸಿಕ್ಕಿತು.

ಮತ್ತೊಂದು ಸ್ವತಂತ್ರ ಸಮಿತಿ ಕೂತಿತು. ವಿಜ್ಞಾನಿಗಳ ಹೊಸ ಲೆಕ್ಕ ಸರಿ, ಮೀನು ಹಿಡಿಯುವ ಒತ್ತಡವನ್ನು ಕೂಡಲೇ ತಗ್ಗಿಸಿ ಎಂದು 1990ರಲ್ಲಿ ವರದಿ ಕೊಟ್ಟಿತು. ಕೋಟಾ ಮೆಟ್ಟಿಲು ಮೆಟ್ಟಿಲಾಗಿ ಇಳಿಯಿತು. 1991ಕ್ಕೆ 1,90,000 ಟನ್. ಆದರೆ ಮೀನು ಕೋಟಾಕ್ಕಿಂತ ವೇಗವಾಗಿ ಇಳಿಯುತ್ತಿತ್ತು. ಹೀಗಾಗಿ ಪ್ರತಿ ವರ್ಷ ಕಡಿಮೆ ಟನ್ ಹಿಡಿದರೂ, ಉಳಿದದ್ದರಲ್ಲಿ ಹಿಡಿದ ಪಾಲು ಏರುತ್ತಲೇ ಹೋಯಿತು. ಆ ವರ್ಷಗಳಲ್ಲಿ ನೀರೂ ಅಸಾಧಾರಣ ತಣ್ಣಗಿತ್ತು. ಕ್ಯಾಪೆಲಿನ್ ಕೂಡ 1990ರ ದಶಕದ ಆರಂಭದಲ್ಲಿ ಕುಸಿಯಿತು. ಒತ್ತಡಕ್ಕೆ ಸಿಕ್ಕಿದ್ದ ಮೀನಿಗೆ ತಿನ್ನಲೂ ಕಡಿಮೆಯಾಯಿತು.

1992ರ ಫೆಬ್ರವರಿಯಲ್ಲಿ ಕೋಟಾವನ್ನು 1,20,000 ಟನ್‌ಗೆ ಇಳಿಸಿದರು. ಅಷ್ಟು ಹಿಡಿಯಲೂ ಮೀನಿರಲಿಲ್ಲ.

ಜುಲೈ 2 ಮತ್ತು ನಂತರ

ನ್ಯೂಫೌಂಡ್‌ಲ್ಯಾಂಡಿನ ಸೇಂಟ್ ಜಾನ್ಸ್ ನಗರದ ಹೋಟೆಲೊಂದರಲ್ಲಿ ಸಚಿವರು ಪತ್ರಕರ್ತರ ಮುಂದೆ ನಿಷೇಧ ಪ್ರಕಟಿಸಿದರು. ಇವರು 1989ರ ಸಚಿವರಲ್ಲ, ಇದೇ ಪ್ರಾಂತ್ಯದವರು. ಹೊರಗೆ ಮೀನುಗಾರರು ಬಾಗಿಲು ಬಡಿದು ಒಳನುಗ್ಗಲು ನೋಡುತ್ತಿದ್ದರು. ಮೊದಲು ಘೋಷಿಸಿದ ಪರಿಹಾರ ವಾರಕ್ಕೆ 225 ಡಾಲರ್. ಪ್ರತಿಭಟನೆಯ ನಂತರ ಅದರ ಮಿತಿಯನ್ನು 406 ಡಾಲರ್‌ಗೆ ಏರಿಸಿದರು. ಸುಮಾರು 30,000 ಜನರ ಕೆಲಸ ಹೋಯಿತು. ದೋಣಿಯವರಷ್ಟೇ ಅಲ್ಲ, ಕಾರ್ಖಾನೆಯಲ್ಲಿ ಮೀನು ಕತ್ತರಿಸುತ್ತಿದ್ದ ಹೆಂಗಸರೂ ಇವರಲ್ಲಿದ್ದರು. 1991ರಲ್ಲಿ ಸುಮಾರು 5,68,000 ಇದ್ದ ಪ್ರಾಂತ್ಯದ ಜನಸಂಖ್ಯೆ 2001ಕ್ಕೆ 5,13,000 ಆಯಿತು. ಎಷ್ಟೋ ಹಳ್ಳಿಗಳಲ್ಲಿ ವಯಸ್ಸಾದವರೇ ಉಳಿದರು.

ಎರಡು ವರ್ಷವಾದ ಮೇಲೂ ಮೀನು ಬರಲಿಲ್ಲ. 1990ರ ದಶಕದ ಮಧ್ಯದಲ್ಲಿ ಉಳಿದಿದ್ದದ್ದು 1960ರ ದಶಕದ ಮೊದಲ ವರ್ಷಗಳ ಅಂದಾಜಿನಲ್ಲಿ ನೂರಕ್ಕೆ ಒಂದೆರಡು ಪಾಲು. ಉತ್ತರದ ಕಾಡ್ ನಿಧಾನವಾಗಿ ಬೆಳೆಯುವ ಮೀನು. ಮೊಟ್ಟೆಯಿಡುವ ವಯಸ್ಸಿಗೆ ಬರಲು ಐದಾರು ವರ್ಷ ಬೇಕು. ಎರಡು ವರ್ಷದಲ್ಲಿ ಒಂದು ತಲೆಮಾರೂ ತಯಾರಾಗುವುದಿಲ್ಲ. ಆ ಗಡುವಿನ ಹಿಂದೆ ಇದ್ದದ್ದು ಜನರಿಗೆ ಏನಾದರೂ ಆಸೆ ಕೊಡಬೇಕು ಎಂಬ ಒತ್ತಡ. ಗಡುವು ಮುಗಿದಾಗ ನಂಬಿಕೆಯೂ ಮುಗಿಯಿತು.

1999ರಲ್ಲಿ ಸಣ್ಣ ದೋಣಿಗಳಿಗೆ 9,000 ಟನ್ ಕೊಟ್ಟು ತೆರೆದರು. ಹಿಂದಿನ ಅಂಕಿಗಳ ಮುಂದೆ ಇದು ಏನೂ ಅಲ್ಲ ಎನಿಸುತ್ತದೆ. ಆದರೆ ಉಳಿದಿದ್ದ ಮೀನೂ ಹೆಚ್ಚಿನದು ದಡದ ಹತ್ತಿರವೇ ಇತ್ತು. 2003ರಲ್ಲಿ ಮತ್ತೆ ಮುಚ್ಚಬೇಕಾಯಿತು.

ಕಾಡ್ ಇಲ್ಲದ ಕಡಲಲ್ಲಿ ಸಿಗಡಿ, ಏಡಿ ಹೆಚ್ಚಿದವು. ಹಿಂದೆ ಅವುಗಳನ್ನು ತಿನ್ನುತ್ತಿದ್ದ ದೊಡ್ಡ ಮೀನು ಹೋಗಿತ್ತು, ತಣ್ಣೀರೂ ಅವಕ್ಕೆ ಹಿತವಾಗಿತ್ತು. ದೊಡ್ಡ ದೋಣಿ, ಪರವಾನಗಿ ಇದ್ದವರು ಏಡಿಯಿಂದ ಚೆನ್ನಾಗಿ ಗಳಿಸಿದರು. ಅದಿಲ್ಲದವರು ಊರು ಬಿಟ್ಟರು.

ವಿಜ್ಞಾನದ ಕೆಲಸ ಮಾತ್ರ ನಿಜವಾಗಿ ಬದಲಾಯಿತು. 1995ರಲ್ಲಿ ದಡದ ಮೀನುಗಾರರೇ ನಿಗದಿತ ಜಾಗದಲ್ಲಿ, ನಿಗದಿತ ಬಲೆಯಲ್ಲಿ ಮೀನು ಹಿಡಿದು ಅಳೆದು ಬರೆಯುವ ಕಾರ್ಯಕ್ರಮ ಶುರುವಾಯಿತು. ಹತ್ತು ವರ್ಷ ಮೊದಲು ಲೆಕ್ಕದ ಹೊರಗಿದ್ದ ಅದೇ ಬಲೆಗಳಿಗೆ ಈಗ ಪಟ್ಟಿಯಲ್ಲಿ ಒಂದು ಕಾಲಂ ಸಿಕ್ಕಿತು. ಇದನ್ನು 1985ರಲ್ಲೇ ಮಾಡಿದ್ದರೆ ಎಂದು ಅನಿಸದೆ ಇರದು. ಖರ್ಚು ಹೆಚ್ಚಿರಲಿಲ್ಲ. ಬೇಕಾಗಿದ್ದದ್ದು ಕಾಗದ, ಅಳತೆಪಟ್ಟಿ ಮತ್ತು ದಡದವರನ್ನು ಕೂರಿಸಿಕೊಂಡು ಮಾತಾಡುವ ಮನಸ್ಸು. ಜೊತೆಗೆ, ಇದಕ್ಕಿಂತ ಕೆಳಗೆ ಹೋದರೆ ಅಪಾಯ ಎಂಬ ಗೆರೆಯನ್ನು ಮೊದಲೇ ಎಳೆದಿಟ್ಟುಕೊಳ್ಳುವ ಪದ್ಧತಿ ಬಂತು. ಕೋಟಾ ಚೌಕಾಸಿ ಶುರುವಾಗುವ ಮೊದಲೇ ಆ ಗೆರೆ ಎಲ್ಲರಿಗೂ ಗೊತ್ತಿರುತ್ತದೆ.

ಆ ಗೆರೆಯೂ ಪ್ರಶ್ನೆಗೆ ಹೊರತಾಗಲಿಲ್ಲ. 2023ರಲ್ಲಿ ವಿಜ್ಞಾನಿಗಳು 1950ರ ದಶಕದವರೆಗಿನ ಹಳೆಯ ಮಾಹಿತಿಯನ್ನೂ ಸೇರಿಸಿ ಲೆಕ್ಕ ಹೊಸದಾಗಿ ಮಾಡಿದರು. ಅಪಾಯದ ಗೆರೆ ಕೆಳಗೆ ಬಂತು. ಹೊಸ ಗೆರೆಯ ಪ್ರಕಾರ ಉತ್ತರದ ಕಾಡ್ 2016ರಿಂದಲೇ ಅಪಾಯದ ವಲಯ ದಾಟಿ ಎಚ್ಚರಿಕೆಯ ವಲಯದಲ್ಲಿತ್ತು. ಕಡಲಲ್ಲಿ ಮೀನು 2023ರಲ್ಲಿ ಒಮ್ಮೆಲೇ ಹೆಚ್ಚಾದದ್ದಲ್ಲ, ನೋಡುವ ಅಳತೆ ಬದಲಾಯಿತು. ಕ್ಯಾಪೆಲಿನ್ ಇನ್ನೂ ಹಳೆಯ ಮಟ್ಟಕ್ಕೆ ಮರಳಿರಲಿಲ್ಲ.

2024ರ ಜೂನ್‌ನಲ್ಲಿ ಸರ್ಕಾರ ನಿಷೇಧ ತೆಗೆದು 18,000 ಟನ್ ಕೋಟಾ ಕೊಟ್ಟಿತು. ದೂರ ಕಡಲಿನ ಹಡಗುಗಳಿಗೂ ಅದರಲ್ಲಿ ಪಾಲಿತ್ತು. ನಿಷೇಧ ತೆಗೆಯಬೇಡಿ ಎಂದು ಇಲಾಖೆಯ ಅಧಿಕಾರಿಗಳು ಸಚಿವರಿಗೆ ಸಲಹೆ ಕೊಟ್ಟಿದ್ದರು ಎಂದು ಕೆಲವು ತಿಂಗಳ ನಂತರ ಪತ್ರಿಕೆಗಳಲ್ಲಿ ಬಂತು.